ಮಸ್ಕಿಯ ಪೆನ್ಸಿಲ್ ಶಾಸನ

ಕಾದಂಬರಿಯೊಂದರ ವಿಮರ್ಶೆ ಬರೆಯಲು ಕೂತಾಗಲೆಲ್ಲ ‘ಕಥನತಂತ್ರ’, ‘ಸ್ತ್ರೀ ಸಂವೇದನೆ’ ಎಂದು ಎರಡು ಪುಟ ತುಂಬಿಸುತ್ತೇನೆ. ಅದನ್ನು ಓದಿ ಒಬ್ಬರಾದರೂ ಚಪ್ಪಲಿ ಮೆಟ್ಟಿಕೊಂಡು ಪುಸ್ತಕದಂಗಡಿಗೆ ಓಡಿದ್ದು ಕಾಣೆ. ಓಡಿಸುವಂಥ ವಿಮರ್ಶಕಿ ಒಬ್ಬಳಿದ್ದಳು.

ಸಿಂಧನೂರಲ್ಲಿ ನಮ್ಮವ್ವ, ಮಸ್ಕಿಯಲ್ಲಿ ಸಣ್ಣವ್ವ, ಲಿಂಗಸುಗೂರಲ್ಲಿ ದೊಡ್ಡವ್ವ. ಮೂರೂ ಊರು ಒಂದೇ ದಾರಿಗಿದ್ದದ್ದರಿಂದ ಬಸ್ಸೇ ನಮ್ಮ ಅಂಚೆ. ಅವ್ವ ಬಾಡಿಗೆಗೆ ತಂದ ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ ಎಲ್ಲರೂ ಜೋಳದ ಚೀಲದೊಳಗೆ ಕೂತು ಲಿಂಗಸುಗೂರು ಮುಟ್ಟಿ, ಬರುವಾಗ ಮಸ್ಕಿಯಲ್ಲಿ ನಾಕು ದಿನ ಇಳಿದು, ಶೇಂಗಾ ಚಟ್ನಿಯ ಎಣ್ಣೆ ಕಲೆ ಹೊತ್ತು ಮರಳುತ್ತಿದ್ದರು. ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ ಬಂದಾಗ ನಮ್ಮ ಮಾವ, ಎಡದಂಡೆ ಕಾಲುವೆಗೆ ನೀರು ಬಿಡೋ ವಿಷಯ ಇರಬೇಕೆಂದು ಮೂವತ್ತು ಪುಟ ಓದಿ, ಗದ್ದೆಯ ಸುದ್ದಿ ಸಿಗದೆ ಅವ್ವನ ಕಡೆ ಎಸೆದಿದ್ದ.

ಮರಳಿದ ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲ್ ಬರಹ ಇರುತ್ತಿತ್ತು. ‘ನಡುವ ಭಾಳ ಅಳು ಐತಿ. ಉಳ್ಳಾಗಡ್ಡಿ ಹೆಚ್ಚೂವಾಗ ಓದ್ರಿ, ಯಾರಿಗೂ ಗೊತ್ತಾಗಂಗಿಲ್ಲ.’ ಇನ್ನೊಂದರಲ್ಲಿ, ‘ಇಂಥಾ ಗಂಡಸು ಕಾರಿನ್ಯಾಗ ಬರ್ತಾನ, ನಮ್ಮೂರ ಬಸ್ಸಿನ್ಯಾಗ ಬರಂಗಿಲ್ಲ.’ ‘ಶರಪಂಜರ’ದ ಕೊನೆಗೆ, ‘ಹುಚ್ಚು ಹಿಡದದ್ದು ಕಾವೇರಿಗಲ್ಲ, ಆ ಮನೀಗೆ.’ ತ್ರಿವೇಣಿಯ ಬಗ್ಗೆ ನಾನು ಬರೆದ ಯಾವ ಲೇಖನವೂ ಇದರ ಹತ್ತಿರ ಸುಳಿದಿಲ್ಲ.

ಅಂಗಡಿಯವ ಮೊದಮೊದಲು ಗೀಚಿದ್ದಕ್ಕೆ ದಂಡ ಕೇಳಿದ. ಆಮೇಲೆ ಹೆಣ್ಣುಮಕ್ಕಳು ‘ಪೆನ್ಸಿಲ್ ಬರದದ್ದು ಐತೇನ್ರಿ?’ ಎಂದು ಕೇಳತೊಡಗಿದ ಮೇಲೆ, ಅಂಥವನ್ನೇ ಮುಂದಿನ ಸಾಲಿಗಿಟ್ಟ. ದಂಡ ಮಾತ್ರ ವಾಪಸು ಕೊಡಲಿಲ್ಲ.

ಬರೆಯುವವರು ಯಾರು? ಅವ್ವ ದೊಡ್ಡವ್ವನ ಕಡೆ, ದೊಡ್ಡವ್ವ ಅವ್ವನ ಕಡೆ ಬೆರಳು ತೋರಿಸುತ್ತಿದ್ದರು. ಬಹಳ ಕಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಇದ್ದವನು ಅಶೋಕನೇ ಎಂದು ಖಚಿತವಾಗಿದ್ದು 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯಿಂದ. ನಮ್ಮ ದೇವಾನಾಂಪ್ರಿಯೆಯೂ ಅಲ್ಲೇ ಸಿಕ್ಕಳು.

ಒಂಬತ್ತನೇ ಇಯತ್ತೆಯ ರಜೆಗೆ ಸಣ್ಣವ್ವನ ಮನೆಗೆ ಹೋಗಿದ್ದೆ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ. ‘ಸಂಜಿ ಹಾಲು ನೀರಾಗಿತ್ತು, ನಾಳೆ ಕೇಳು’ ಎಂದಿದ್ದ ಸಾಲಿನಲ್ಲಿ ಪೆನ್ಸಿಲ್ ಬರಹದ ಅದೇ ‘ಳೆ’! ಎಮ್ಮೆಯ ಬಾಲದಂತೆ ಕೆಳಕ್ಕಿಳಿದು ತುದಿಯಲ್ಲಿ ಚುಂಗು ಬಿಟ್ಟದ್ದು. ಬರೆದವಳು ಸಣ್ಣವ್ವನ ಅತ್ತಿ. ಖಾಲಿ ಹಣೆಯ ಆ ಮುದುಕಿ, ‘ಕಾದಂಬರಿ ಓದೋ ಸೊಸಿ ಇದ್ದ ಮನ್ಯಾಗ ಹಾಲು ಉಕ್ಕತಾವ, ಅನ್ನ ಸೀತೈತಿ’ ಎಂದು ದಿನಕ್ಕೆರಡು ಸಲ ಬೈಯುತ್ತಿದ್ದಾಕೆ.

ನಾನು ಬಾಯಿ ತೆರೆಯುವುದರೊಳಗೆ ಅದಕ್ಕೊಂದು ಶೇಂಗಾ ಉಂಡಿ ತುರುಕಿದಳು.

‘ಮುಂದಿನ ಸಲ ಇಂದಿರಾಂದು ಕಳಸಂತ ನಿಮ್ಮವ್ವಗ ಹೇಳು. ನಾ ಹೇಳೀನಂತ ಹೇಳಬ್ಯಾಡ, ತಿಳೀತಾ?’

‘ಫಣಿಯಮ್ಮ’ ಕಳಿಸಿದೆವು. ಎಳೆತನದಲ್ಲೇ ಗಂಡನನ್ನು ಕಳೆದುಕೊಂಡು ಮುಪ್ಪಿನ ತನಕ ಬದುಕಿದವಳ ಕಥೆ. ಎರಡು ವಾರ ಬಿಟ್ಟು ಬಂದ ಪುಸ್ತಕವನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಚ್ಚಿ ಕೊನೆಯ ಪುಟ ನೋಡಿದೆ. ಮಾತೇ ಇರಲಿಲ್ಲ. ಪೆನ್ಸಿಲ್ ಒತ್ತಿ ಊರಿ ತೆಗೆದ ಒಂದು ಚುಕ್ಕಿ ಮಾತ್ರ ಇತ್ತು.