ಎರಡೂ ಕಡೆಯಿಂದ

ಮೇ 19, ಸೋಮವಾರ

ಸಾಮಿಲ್ಲಿನಿಂದ ಮರ ಬಂತು. ಹೆಬ್ಬಲಸು. ಕೊಪ್ಪದ ಕಡೆ ಹಳೇ ಮನೆಯೊಂದನ್ನು ಕೆಡವಿದಾಗ ಇಳಿಸಿದ ತೊಲೆಗಳು, ಸೀಳಿಸಿ ಪಟ್ಟಿ ಮಾಡಿಸಿದ್ದು. ಹೊರಗೆ ಹೊಗೆ ಹಿಡಿದು ಕಪ್ಪು. ಸೀಳಿದ ಕಡೆ ಇನ್ನೂ ಹಳದಿ. ತಮ್ಮ ಅಜ್ಜನ ಮನೆಯ ಮರದಲ್ಲೇ ಹೊಸ ಮನೆಯ ಹೆಬ್ಬಾಗಿಲು ಆಗಬೇಕು ಅಂತ ಆ ಮನೆಯವರ ಆಸೆ. ಜೋಡಿ ಕದ. ಜೂನ್ 5ಕ್ಕೆ ಕೂರಿಸಬೇಕು, ಆಷಾಢ ಬರುವುದರೊಳಗೆ ಒಕ್ಕಲು.

ಅಪ್ಪಯ್ಯ ಒಂದೊಂದೇ ಪಟ್ಟಿಯನ್ನು ಅಂಗೈಯಲ್ಲಿ ಸವರಿದ. ಕಣ್ಣಿನ ಪೊರೆ ತೆಗೆಸಿದ ಮೇಲೂ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ ಅನ್ನುತ್ತಾನೆ. "ಇದನ್ನ ಮಿಷನ್ನಿಗೆ ಕೊಡೂದು ಬೇಡ. ಒಳಗೆ ಎಲ್ಲೆಲ್ಲಿ ಮೊಳೆ ಉಂಟೋ." ಸಾಮಿಲ್ಲಿನಲ್ಲೂ ಬ್ಲೇಡಿನ ಹಲ್ಲು ಹೋಯ್ತಂತೆ.

ಅಂದರೆ ಪಟ್ಟಿಗೆ ಪಟ್ಟಿ ಕೂಡಿಸುವ ಕಂಡಿ ಎಲ್ಲ ಕೈಯಲ್ಲೇ. ನನಗೆ ಒಳಗೊಳಗೇ ಖುಷಿ. ಅವನಿಗೆ ಹೇಳಲಿಲ್ಲ.

ಮೇ 20, ಮಂಗಳವಾರ, ರಾತ್ರಿ

ಇಡೀ ದಿನ ಗುರುತು ಹಾಕುವುದರಲ್ಲೇ ಹೋಯಿತು. ನಿಲುವು ಪಟ್ಟಿ ನಾಲ್ಕು ಇಂಚು ಅಗಲ, ಒಂದೂವರೆ ದಪ್ಪ. ದಪ್ಪವನ್ನು ಮೂರು ಪಾಲು ಮಾಡಿದರೆ ನಡುವಿನ ಪಾಲು ಕಂಡಿಗೆ: ಅರ್ಧ ಇಂಚು. ಗೇಜಿನ ಎರಡು ಮುಳ್ಳನ್ನು ಅಳತೆಪಟ್ಟಿ ನೋಡಿ ಕೂರಿಸಬಾರದು, ಉಳಿಯ ಬಾಯಿಗೇ ಹಿಡಿದು ಕೂರಿಸಬೇಕು. ನಮ್ಮ ಅರ್ಧ ಇಂಚಿನ ಉಳಿ ಅರ್ಧ ಇಂಚಿಗಿಂತ ಒಂದು ಕೂದಲು ಕಮ್ಮಿ. ಸಾಣೆ ಹಿಡಿದು ಹಿಡಿದು ಬದಿಯೂ ಸವೆದಿದೆ. ಕಂಡಿಯ ಅಗಲ ಅದು ಎಷ್ಟಿದೆಯೋ ಅಷ್ಟೇ.

ಗೇಜನ್ನು ಎರಡೂ ಬದಿಗೆ ಎಳೆಯುವಾಗ ಪಟ್ಟಿಯ ಮುಖದ ಕಡೆಗೇ ಆನಿಸಬೇಕು. ಒಂದು ಸಲ ಮುಖಕ್ಕೆ, ಇನ್ನೊಂದು ಸಲ ಬೆನ್ನಿಗೆ ಆನಿಸಿದರೆ ಆಚೆಯಿಂದ ಬಂದ ಕಂಡಿ, ಈಚೆಯಿಂದ ಬಂದ ಕಂಡಿ ಒಳಗೆ ಒಂದನ್ನೊಂದು ತಪ್ಪಿಸಿಕೊಳ್ಳುತ್ತವೆ. ಮುಖಕ್ಕೆಲ್ಲ ಪೆನ್ಸಿಲಿನಲ್ಲಿ ಸುಳಿ ಹಾಕಿಟ್ಟೆ. ಪಟ್ಟಿಯ ಎರಡೂ ತುದಿಯಲ್ಲಿ ಎರಡೆರಡು ಇಂಚು ಹೆಚ್ಚಿಗೆ ಬಿಟ್ಟಿದ್ದೇವೆ. ತುದಿಗೆ ಹತ್ತಿರದ ಕಂಡಿ ಹೊಡೆಯುವಾಗ, ಬೆಣೆ ಬಡಿಯುವಾಗ ಮರ ಸೀಳದ ಹಾಗೆ ಆ ಕೊಂಬು ತಡೆಯುತ್ತದೆ. ಕೊನೆಗೆ ಕೊಯ್ದು ಹಾಕುವುದು.

ನಾನು ಕೆಲಸ ಮಾಡುವ ಸೊಸೈಟಿಯಿಂದ ಫೋನು. ರಜೆ ಜೂನ್ 9ಕ್ಕೆ ಮುಗಿಯುತ್ತದೆ. ಬರುತ್ತೀರಲ್ಲ ಅಂದರು. ಹೂಂ ಅಂದೆ. ಯಾಕೆ ಅಂದೆನೋ.

ಮೇ 22, ಗುರುವಾರ

ಮೊದಲ ಕಂಡಿ.

ಪಟ್ಟಿಯನ್ನು ಎರಡು ದಿಮ್ಮಿಯ ಮೇಲಿಟ್ಟು ಅದರ ಮೇಲೇ ಕೂತೆ. ತಲೆ ಸರಿಯಾಗಿ ಗೆರೆಯ ನೇರಕ್ಕೆ ಬರುತ್ತದೆ. ಉಳಿ ಎಡಕ್ಕೆ ವಾಲಿದರೆ ಕೂಡಲೇ ಗೊತ್ತಾಗುತ್ತದೆ. ಬಾಯಿ ಯಾವತ್ತೂ ಎಳೆಗೆ ಅಡ್ಡ. ಎಳೆಯ ಉದ್ದಕ್ಕೆ ಇಟ್ಟು ಹೊಡೆದರೆ ಪಟ್ಟಿಯೇ ಬಿಚ್ಚಿಕೊಳ್ಳುತ್ತದೆ.

ನಡುವಿನಿಂದ ಶುರು. ಒಂದು ಪೆಟ್ಟು, ಒಂದು ನೂಲು ಹಿಂದೆ, ಇನ್ನೊಂದು ಪೆಟ್ಟು. ಉಳಿಯ ಇಳಿಜಾರು ಮುಖ ಹೊಂಡದ ಕಡೆ, ಚಪ್ಪಟೆ ಬೆನ್ನು ಕೊನೆಯ ಗೆರೆಯ ಕಡೆ. ಪ್ರತಿ ಪೆಟ್ಟಿಗೂ ಚಕ್ಕೆ ಮುರಿದು ಹೊಂಡಕ್ಕೆ ಬೀಳುತ್ತದೆ, ಹೊಂಡ ದೊಡ್ಡದಾದ ಹಾಗೆ ಮುಂದಿನ ಪೆಟ್ಟು ಇನ್ನೂ ಆಳಕ್ಕೆ ಇಳಿಯುತ್ತದೆ. ಒಂದು ತುದಿ ಮುಟ್ಟಿದ ಮೇಲೆ ಉಳಿ ತಿರುಗಿಸಿ ಆಚೆ ತುದಿಗೆ. ಚಕ್ಕೆಯನ್ನು ಮೀಟಿ ತೆಗೆಯುವಾಗ ಉಳಿಯ ಬೆನ್ನು ಕಂಡಿಯ ಅಂಚಿಗೆ ಒತ್ತುತ್ತದೆ. ಅದಕ್ಕೇ ಎರಡೂ ಕೊನೆಯ ಗೆರೆಗೆ ಒಂದು ನೂಲು ಬಿಟ್ಟೇ ಕೆಲಸ. ಜಜ್ಜಿದ ಅಂಚೆಲ್ಲ ಕೊನೇ ಪೆಟ್ಟಿಗೆ ಹೋಗುತ್ತದೆ.

ಈ ಉಳಿ ಬಾಯಿಯ ಅಗಲಕ್ಕಿಂತ ಹೆಚ್ಚು ದಪ್ಪ. ಕಮ್ಮಾರರು ಲಾರಿಯ ಕಮಾನು ಪಟ್ಟಿಯಲ್ಲಿ ಮಾಡಿಕೊಟ್ಟದ್ದು. ಆ ದಪ್ಪ ಬದಿಗಳೇ ಕಂಡಿಯ ಗೋಡೆಗೆ ಆತುಕೊಂಡು ಇಳಿಯುತ್ತವೆ, ತಿರುಚಲು ಬಿಡುವುದಿಲ್ಲ. ತೆಳು ಉಳಿ ಇಷ್ಟು ಆಳಕ್ಕೆ ಹೋದರೆ ಸೊಟ್ಟಗಾಗುತ್ತದೆ, ಮೀಟಿದರೆ ಮುರಿಯುತ್ತದೆ.

ಎರಡು ಇಂಚು ಆಳಕ್ಕೆ ಬಂದಾಗ ಪಟ್ಟಿ ಮಗುಚಿ ಆಚೆ ಬದಿಯಿಂದ ಮತ್ತೆ ಅದೇ. ಆಳಕ್ಕೆ ಹೋದ ಹಾಗೆ ಕೊಡತಿಯ ಸದ್ದು ಮಂದವಾಗುತ್ತಾ ಬರುತ್ತದೆ. ಕೊನೆಗೆ ಒಂದು ಪೆಟ್ಟಿಗೆ ಉಳಿ ತಟ್ಟನೆ ಹಗುರಾಯಿತು. ಒಳಗೆ ಎರಡೂ ಸೇರಿದವು. ಬಗ್ಗಿ ನೋಡಿದರೆ ಆಚೆ ಬದಿಯ ಬೆಳಕು. ಬಲಗೈ ಮೊಣಕೈಯವರೆಗೆ ಜೋಮು ಹಿಡಿದಿತ್ತು. ಆದರೂ ಸ್ವಲ್ಪ ಹೊತ್ತು ಆ ಬೆಳಕನ್ನೇ ನೋಡುತ್ತಿದ್ದೆ.

ಅಪ್ಪಯ್ಯ ತೆಳ್ಳನೆ ಬಿದಿರಿನ ಕಡ್ಡಿ ಒಳಗೆ ಇಳಿಬಿಟ್ಟು, ಮುಖ ಆಚೆ ತಿರುಗಿಸಿಕೊಂಡು, ನಾಲ್ಕೂ ಗೋಡೆ ಸವರಿದ. "ನಡುವಲ್ಲಿ ಹೊಟ್ಟೆ ಉಂಟು ನೋಡು."

ಎರಡೂ ಕಡೆಯಿಂದ ಬಂದದ್ದು ಸೇರುವಲ್ಲಿ ಹೀಗೆ ಉಬ್ಬು ಉಳಿಯುತ್ತದೆ. ಅಡ್ಡ ಪಟ್ಟಿಯ ತುದಿಯ ನಾಲಗೆ, ಟೆನನ್, ಅಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತದೆ, ಬಡಿದರೆ ಪಟ್ಟಿ ಸೀಳುತ್ತದೆ. ನಡು ಒಂಚೂರು ಒಳಕ್ಕೆ ಹೋಗಿದ್ದರೂ ಪರವಾಗಿಲ್ಲ, ಹೊರಕ್ಕೆ ಬಂದಿರಬಾರದು. ಅಗಲ ಉಳಿಯಲ್ಲಿ ಹೆರೆದೆ. ಮತ್ತೆ ಕಡ್ಡಿ. ಈ ಸಲ ಏನೂ ಹೇಳಲಿಲ್ಲ. ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಗೆ ಹೋದ.

ಮೇ 23, ಶುಕ್ರವಾರ

ಮೊಳೆ ಸಿಕ್ಕಿತು.

ಸದ್ದಿನಲ್ಲೇ ಗೊತ್ತಾಯಿತು. ಉಳಿಯ ಬಾಯಿ ಮೂಲೆಯಲ್ಲಿ ಎಗರಿಹೋಗಿದೆ. ತೆಗೆದು ನೋಡಿದರೆ ಚೌಕ ಮೈಯ ಮೊಳೆ, ಕಮ್ಮಾರನ ಕೈಯಲ್ಲಿ ಬಡಿದದ್ದು. ಸುತ್ತ ಮರ ನೀಲಿ-ಕಪ್ಪು ತಿರುಗಿದೆ. ಮನೆಯವರು ಆ ತೊಲೆಯಲ್ಲಿ ಮೊಳೆ ಇಲ್ಲವೇ ಇಲ್ಲ ಅಂದಿದ್ದರು.

ಮಧ್ಯಾಹ್ನವೆಲ್ಲ ಸಾಣೆ. ಚಕ್ರಕ್ಕೆ ಕೊಟ್ಟು ಎಗರಿದ್ದನ್ನು ತೆಗೆಯುವಾಗ ನಿಮಿಷಕ್ಕೊಮ್ಮೆ ನೀರಿಗದ್ದಬೇಕು. ಬಾಯಿ ನೀಲಿ ತಿರುಗಿತೋ, ಹದ ಹೋಯಿತು. ಆಮೇಲೆ ಕಲ್ಲು. ಈ ಉಳಿಗೆ ತೀರಾ ಚೂಪು ಕೋನ ಆಗದು. ಮೂವತ್ತು ಡಿಗ್ರಿಗೂ ಸ್ವಲ್ಪ ಮೇಲೆ ಇರಬೇಕು. ಇಲ್ಲದಿದ್ದರೆ ಇಷ್ಟು ಪೆಟ್ಟಿಗೆ ಬಾಯಿ ನಿಲ್ಲುವುದಿಲ್ಲ.

ಉಳಿ ಗಿಡ್ಡವಾಯಿತು. ಅಪ್ಪಯ್ಯನಿಗೆ ಬೇಜಾರಾಗಿದೆ ಅನ್ನಿಸಿತು. ಕೇಳಲಿಲ್ಲ.

ಮೇ 25, ಭಾನುವಾರ

ಕೆಲಸವಿಲ್ಲ. ಮಳೆ ಶುರುವಾಯಿತು, ಈ ವರ್ಷ ಬೇಗ.

ಮೂಲೆಯಲ್ಲಿ ತೊಲೆಯ ತುಂಡೊಂದು ಬಿದ್ದಿತ್ತು, ಹಳೇ ಕಂಡಿ ಇದ್ದ ಭಾಗ. ಸಾಮಿಲ್ಲಿನಲ್ಲಿ ಬೇಡವೆಂದು ಕೊಯ್ದು ಹಾಕಿದ್ದು. ಉದ್ದಕ್ಕೆ ಸೀಳಿ ಒಳಗೆ ನೋಡಿದೆ. ಆ ಕಂಡಿ ಕೊರೆದ ಮೇಲೆ ಅದರ ಒಳಗನ್ನು ಯಾರೂ ನೋಡಿರಲಿಕ್ಕಿಲ್ಲ.

ತಳದಲ್ಲಿ ಅಡ್ಡ ಗೆರೆಗಳು ಸಾಲಾಗಿ ಇವೆ, ಒಂದೊಂದು ಪೆಟ್ಟಿಗೂ ಒಂದೊಂದು. ಸುಮಾರು ಒಂದೇ ಅಂತರ. ಕೊರೆದಾತನ ಉಳಿಯ ಬಾಯಲ್ಲೂ ಎಲ್ಲೋ ಸಣ್ಣದೊಂದು ಕಚ್ಚು ಇತ್ತು. ಪ್ರತಿ ಗೆರೆಯಲ್ಲೂ ಅದೇ ಜಾಗದಲ್ಲಿ ಕೂದಲಷ್ಟು ಏಣು ಬಿದ್ದಿದೆ. ಕೊನೆಗೆ ಬರುವಾಗ ಏಣಿಲ್ಲ. ನಡುವೆ ಸಾಣೆ ಹಿಡಿದು ಬಂದಿರಬೇಕು. ಗೋಡೆಗಳು ಇವತ್ತಿಗೂ ನುಣುಪು. ತಳ ಮಾತ್ರ ಒರಟು, ಕಿತ್ತ ಹಾಗೇ ಬಿಟ್ಟಿದ್ದಾನೆ. ತಳಕ್ಕೆ ಟೆನನ್ ಮುಟ್ಟುವುದೇ ಇಲ್ಲವಲ್ಲ. ಅಲ್ಲಿ ಅವನು ಹೊತ್ತು ಕಳೆದಿಲ್ಲ.

ನಾನಾಗಿದ್ದರೆ ತಳವನ್ನೂ ಹೆರೆಯುತ್ತಿದ್ದೆ. ಅಪ್ಪಯ್ಯನ ಕಡ್ಡಿಗೆ ಹೆದರಿಯೋ, ಅಥವಾ ನನಗೇ ಬೇಕಾಗಿಯೋ.

ಆ ತುಂಡನ್ನು ಒಲೆಗೆ ಹಾಕಬೇಡ ಅಂತ ಅಮ್ಮನಿಗೆ ಹೇಳಿದೆ.

ಮೇ 27, ಮಂಗಳವಾರ

ಕರೆಂಟಿಲ್ಲ. ಗಾಳಿಗೆ ಲೈನಿನ ಮೇಲೆ ಮರ ಬಿದ್ದಿದೆಯಂತೆ. ಪೇಟೆಯ ವರ್ಕ್‌ಶಾಪ್‌ಗಳೆಲ್ಲ ಬಾಗಿಲು ಹಾಕಿವೆ. ನಮ್ಮಲ್ಲಿ ಕೊಡತಿ ನಿಂತಿಲ್ಲ.

ಫೋನಿನಲ್ಲಿ ಉಳಿದ ಚಾರ್ಜಿನಲ್ಲಿ ಓದಿದ್ದು: ಜರ್ಮನಿಯ ಲೈಪ್‌ಜಿಗ್ ಹತ್ತಿರ 7,000 ವರ್ಷ ಹಿಂದಿನ ಬಾವಿಗಳು ಸಿಕ್ಕಿವೆ, ಒಳಗೋಡೆ ಓಕ್ ಮರದ್ದು. ಹಲಗೆಗೆ ಕಂಡಿ ಹೊಡೆದು, ಟೆನನ್ ತೂರಿಸಿ, ಬೆಣೆ ಬಡಿದಿದ್ದಾರೆ. ಲೋಹದ ಉಳಿ ಆಗ ಇರಲೇ ಇಲ್ಲ. ಕಲ್ಲಿನ ಬಾಚಿಯ ಕಾಲ. 2012ರಲ್ಲಿ ವಿಜ್ಞಾನಿಗಳು ಬರೆದರಂತೆ.

ಅಪ್ಪಯ್ಯನಿಗೆ ಓದಿ ಹೇಳಿದೆ. "ನೀರಲ್ಲೇ ಇದ್ದದ್ದಕ್ಕೆ ಉಳೀತು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಬೆಣೆ ಯಾವ ಮರದ್ದಂತೆ?" ಅದು ಬರೆದಿರಲಿಲ್ಲ.

ಮೇ 28, ಬುಧವಾರ

ಮನೆಯವರು ಬಂದಿದ್ದರು. ಪಾಲಿಶ್ ಬಣ್ಣದ ಬಗ್ಗೆ ಬಹಳ ಮಾತು. ನಿಲುವು ಪಟ್ಟಿ ಎತ್ತಿ ಕಂಡಿಯೊಳಗೆ ಇಣುಕಿ, "ಇದು ಆಮೇಲೆ ಕಾಣೂದಿಲ್ಲ ಅಲ್ವಾ ಆಚಾರ್ರೇ?" ಅಂದರು. ಕಾಣುವುದಿಲ್ಲ ಅಂದ ಅಪ್ಪಯ್ಯ. "ಮಗಳು ಲೆಕ್ಕ ನೋಡ್ಕೊಳ್ತಾಳಾ?" "ಕಂಡಿ ಅವಳದ್ದೇ." ಅವರು ನನ್ನ ಕೈ ನೋಡಿದರು. ಮತ್ತೆ ಬಣ್ಣದ ಮಾತು.

ಸಂಜೆ ಯಾಕೋ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಸಿಟ್ಟಿನಲ್ಲಿ ಹೊಡೆದರೆ ಉಳಿ ಗೆರೆ ದಾಟುತ್ತದೆ. ಅದಕ್ಕೇ ಬೇಗ ಬಿಟ್ಟೆ.

ಮೇ 30, ಶುಕ್ರವಾರ

ನಡುವಿನ ಅಗಲ ಪಟ್ಟಿ. ಇದಕ್ಕೆ ಒಂದೇ ಉದ್ದ ಕಂಡಿ ಹೊಡೆದರೆ ನಿಲುವಿನ ಬಲವೇ ಹೋಗುತ್ತದೆ. ಅದಕ್ಕೆ ಒಂದರ ಕೆಳಗೊಂದು ಎರಡು, ನಡುವೆ ಗಟ್ಟಿ ಮರ. ಬೀಗ ಕೂರಿಸುವುದೂ ಆ ನಡುವಿನ ಗಟ್ಟಿಯಲ್ಲೇ, ಟೆನನ್‌ಗೆ ತಾಗದ ಹಾಗೆ. ಪೇಟೆಯ ರೆಡಿಮೇಡ್ ಕದಗಳಲ್ಲಿ ಬೀಗಕ್ಕಂತ ಟೆನನ್ನನ್ನೇ ಕೊರೆದು ತೆಗೆದದ್ದನ್ನು ನೋಡಿದ್ದೇನೆ. ಎರಡು ಮಳೆಗಾಲಕ್ಕೆ ಕದ ಜೋತುಬೀಳುತ್ತದೆ. ಇಂಥದ್ದು ಕಂಡರೆ ನನಗೆ ಸಹಿಸಲು ಆಗುವುದಿಲ್ಲ.

ಇವತ್ತು ಕೈ ಚೆನ್ನಾಗಿ ಓಡಿತು. ಉಳಿಯನ್ನು ನೋಡುತ್ತಲೇ ಇರಲಿಲ್ಲ, ಎಷ್ಟೋ ಹೊತ್ತು. ಕಡ್ಡಿ ಎಲ್ಲೂ ತಡೆಯಲಿಲ್ಲ. ಅಪ್ಪಯ್ಯ ಎರಡನೇ ಸಲ ಸವರಿದ. ನಂಬಿಕೆ ಬಾರದೆಯೋ, ಸುಮ್ಮನೆಯೋ.

ಸೊಸೈಟಿಯ ಕೆಲಸದಲ್ಲಿ ಹೀಗೆ ಒಂದು ಮಧ್ಯಾಹ್ನ ಕಳೆದದ್ದಿದೆಯೇ? ಇರಬಹುದು. ವರ್ಷದ ಕೊನೆಯ ಲೆಕ್ಕ ಪೈಸೆಗೆ ಪೈಸೆ ಕೂಡಿದ ದಿನ. ಅಲ್ಲಿ ತಿಂಗಳಿಗೆ ಸಂಬಳ ಬರುತ್ತದೆ. ಇಲ್ಲಿ ಈ ಜೋಡಿ ಕದಕ್ಕೆ ಹೇಳಿದ ಮಜೂರಿಯನ್ನು ದಿನಕ್ಕೆ ಹಂಚಿದರೆ ಏನು ಉಳಿಯುತ್ತದೆ ಅಂತ ಲೆಕ್ಕ ಹಾಕಿ, ಆ ಕಾಗದ ಹರಿದೆ.

ಜೂನ್ 1, ಭಾನುವಾರ

ಭಾನುವಾರವಾದರೂ ಕೂಡಿಸಿ ನೋಡಿದೆವು, ಅಂಟಿಲ್ಲದೆ, ಬಿದಿರಿನ ಮೊಳೆಯಿಲ್ಲದೆ. ಟೆನನ್ ಅರ್ಧದವರೆಗೆ ಕೈಯಲ್ಲೇ ಹೋಗಬೇಕು, ಉಳಿದರ್ಧ ಕೊಡತಿಯ ಮೆತ್ತನೆ ಪೆಟ್ಟಿಗೆ. ಅದಕ್ಕಿಂತ ಬಿಗಿಯಾದರೆ ಮರಕ್ಕೆ ನೋವು, ಸಡಿಲಾದರೆ ಕದಕ್ಕೆ.

ಎಲ್ಲ ಕೂತವು, ಕೆಳಗಿನ ಬಲಮೂಲೆ ಒಂದು ಬಿಟ್ಟು. ಅಲ್ಲಿ ಟೆನನ್‌ನ ಭುಜದ ಹತ್ತಿರ ಕಾಗದ ತೂರುವಷ್ಟು ಸಂದು. ಕಂಡಿ ಸರಿ ಇದೆ, ಟೆನನ್ ಸರಿ ಇದೆ. ಮರ ಈ ಥಂಡಿಗೆ ತಿರುಚಿದೆಯೋ ಏನೋ. ಅಪ್ಪಯ್ಯ ಅದನ್ನು ಉಗುರಿನಲ್ಲಿ ಮುಟ್ಟಿ ನೋಡಿ, "ಮೊಳೆ ಎಳೀತದೆ" ಅಂದ. ನನಗೆ ಧೈರ್ಯವಿಲ್ಲ.

ಜೂನ್ 2, ಸೋಮವಾರ

ಅಂಟಿನ ಬಗ್ಗೆ ಜಗಳ. ಅವನಿಗೆ ಬರೀ ಬಿದಿರಿನ ಮೊಳೆ, ಬೆಣೆ ಸಾಕು. ನನಗೆ ಅಂಟೂ ಬೇಕು. ಇಷ್ಟು ಮಳೆಯಲ್ಲಿ ಹಿಗ್ಗಿ ಕುಗ್ಗಿ ಸಂದು ಬಿಟ್ಟರೆ ಕೇಳುವವರು ನನ್ನನ್ನು.

"ಅಂಟು ಹಾಕಿದ್ರೆ ನಾಳೆ ಬಿಚ್ಚೂದು ಹೇಗೆ?"

ಯಾರು ಬಿಚ್ಚುತ್ತಾರೆ ಅಂದೆ. ಅಂದ ಮೇಲೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೆನಪಾಯಿತು. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿನ ಹಳೇ ಮನೆಗಳನ್ನು ಬಿಚ್ಚಿ ತರಿಸಿ ಅಲ್ಲಿ ಮತ್ತೆ ನಿಲ್ಲಿಸಿದ ಜಾಗ. ನಾವು ಹೋದಾಗ ಅಲ್ಲಿನ ಹರ್ಕೂರು ಒಳಗಿನ ಮನೆಯ ಕಂಬ-ತೊಲೆ ಸೇರುವ ಜಾಗದಲ್ಲಿ ಅಪ್ಪಯ್ಯ ತುಂಬ ಹೊತ್ತು ತಲೆ ಎತ್ತಿ ನಿಂತಿದ್ದ. ಕೂಡಿಸಿದ್ದನ್ನು ಬಿಚ್ಚಲು ಬಂದದ್ದಕ್ಕೇ ಅವು ಅಲ್ಲಿವೆ. ಈ ಹೆಬ್ಬಲಸೂ ಹಾಗೇ ಒಂದು ಮನೆಯಿಂದ ಇಳಿದು ಬಂದದ್ದು.

ಅವನು ಹೇಳುವುದು ಸರಿ. ಆದರೆ ಜೂನ್ 5ಕ್ಕೆ ಕದ ಕೂರಿಸಿ, ಮಳೆಗಾಲ ಪೂರ್ತಿ ಫೋನ್ ತೆಗೆಯಬೇಕಾದವಳು ನಾನು. ಹಾಗಂದುಕೊಂಡ ಮೇಲೆ ಹೊಳೆಯಿತು: 9ಕ್ಕೆ ನಾನು ಹೋಗುವುದಾದರೆ ಫೋನ್ ತೆಗೆಯುವವಳು ನಾನಲ್ಲ.

ಜೂನ್ 3, ಮಂಗಳವಾರ

ಅಂಟಿಲ್ಲದೆ ಒಂದು ಕದ ಕೂಡಿಸಿದೆವು.

ಕಂಡಿಯ ಗೋಡೆಗೆ ಮೊದಲು ತೂತು, ಟೆನನ್ ತೂರಿಸಿ ಅದರ ಮೇಲೆ ಗುರುತು, ಹೊರಗೆಳೆದು ಆ ಗುರುತಿಗಿಂತ ಅರ್ಧ ನೂಲು ಭುಜದ ಕಡೆಗೆ ಟೆನನ್‌ಗೆ ತೂತು. ಬಿದಿರಿನ ಮೊಳೆ ಬಡಿದಾಗ ಆ ಅರ್ಧ ನೂಲನ್ನು ಸರಿಪಡಿಸಿಕೊಳ್ಳಲು ಟೆನನ್ ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಮೊಳೆಗಳನ್ನು ಅಪ್ಪಯ್ಯನೇ ಕೆತ್ತಿದ. ಕೈ ನಡುಗುತ್ತದೆ, ಆದರೆ ಚೂರಿ ಬಿದಿರಿಗೆ ತಾಗಿದ ಮೇಲೆ ನಡುಗುವುದಿಲ್ಲ.

ಕೆಳಗಿನ ಬಲಮೂಲೆಯ ಸಂದು ಮುಚ್ಚಿತು. ಬೆಳಕಿಗೆ ಹಿಡಿದು ನೋಡಿದೆ, ಕಾಗದ ತೂರಿಸಿ ನೋಡಿದೆ, ಹೋಗಲಿಲ್ಲ. ಕೆಲಸಕ್ಕೆ ಬರುವ ಹುಡುಗ "ಅಕ್ಕಾ, ಸಾಕು ಮಾರಾಯ್ತಿ" ಅನ್ನುವವರೆಗೆ. ಬೇಸಿಗೆಯಲ್ಲಿ ಮರ ಒಣಗಿದಾಗಲೂ ಹೀಗೇ ಇರುತ್ತದೆಯೇ?

ಮನೆಯವರ ಫೋನು. ಕಿಟಕಿಗಳೂ ಇದೇ ಮರದಲ್ಲಿ ಆಗಲಿ, ಆದರೆ ಬೇಗ ಬೇಕು, ಕಂಡಿ ಮಿಷನ್ನಿನಲ್ಲಿ ಹೊಡೆದರೂ ನಡೆಯುತ್ತದೆ ಅಂದರು. ಮೊಳೆ ತೆಗೆಸಿ ಕೊಡುತ್ತಾರಂತೆ. ರೇಟು ಕೇಳಿದರು. ಅಪ್ಪಯ್ಯ ಫೋನನ್ನು ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋದ. 5ನೇ ತಾರೀಕು ಕದ ಕೂರಿಸಲು ಬಂದಾಗ ಹೇಳುತ್ತೇನೆ ಅಂದೆ.

ಇನ್ನೊಂದು ಕದಕ್ಕೆ ಬಿದಿರು ಸಾಲದು. ಹಿತ್ತಲಲ್ಲಿರುವುದು ಹಸಿ, ಒಣಗಿದರೆ ತೂತಿನಲ್ಲಿ ಸಡಿಲಾಗುತ್ತದೆ. ಅಟ್ಟದ ಹಳೇ ಏಣಿಯ ಗಳ ಚೆನ್ನಾಗಿ ಒಣಗಿದೆ. ಬೆಳಿಗ್ಗೆ ಅಮ್ಮನನ್ನು ಕೇಳಬೇಕು.