ಸಂಬಳವಿಲ್ಲದ ಫೈರ್‌ಮನ್

ನಮ್ಮಪ್ಪ ಅರಸೀಕೆರೆಯಲ್ಲಿ ಸ್ಟೀಮ್ ಇಂಜಿನ್ನಿನ ಫೈರ್‌ಮನ್ ಆಗಿದ್ದವರು. ಮೀಟರ್‌ಗೇಜ್ ಕಾಲ. ಡ್ಯೂಟಿ ಮುಗಿಸಿ ಬಂದರೆ ಮೂಗಿನೊಳಗೂ ಮಸಿ. ಅಮ್ಮ ಆ ಬಟ್ಟೆಗಳನ್ನ ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಅವರು ನಮ್ಮ ಬರ್ಮಿಂಗ್‌ಹ್ಯಾಮ್ ಮನೆಗೆ ಬಂದಾಗ ನಾನು ಮಹಾ ಜಾಣನ ಹಾಗೆ ವೇಲ್ಸ್‌ನ ಟಾಲಿಲಿನ್ ರೈಲಿಗೆ ಟಿಕೆಟ್ ಬುಕ್ ಮಾಡಿದೆ. (ವೆಲ್ಷ್ ಉಚ್ಚಾರಣೆ ನನ್ನ ನಾಲಿಗೆಗೆ ಇವತ್ತಿಗೂ ಒಗ್ಗಿಲ್ಲ.)

ದಾರಿಯುದ್ದಕ್ಕೂ ಕತೆ ಹೇಳಿದೆ. 1865ರಲ್ಲಿ ಶುರುವಾದ, ಗಣಿಯಿಂದ ಸ್ಲೇಟ್ ಕಲ್ಲು ಸಾಗಿಸುತ್ತಿದ್ದ ಪುಟ್ಟ ಲೈನು. 1946ರಲ್ಲಿ ಗಣಿ ಮುಚ್ಚಿತು. ಮಾಲೀಕ ಹೆನ್ರಿ ಹೇಡನ್ ಜೋನ್ಸ್ ಬದುಕಿರೋವರೆಗೂ ರೈಲು ಓಡಿಸ್ತೀನಿ ಅಂದಿದ್ದರು, ಓಡಿಸಿದರು, 1950ರಲ್ಲಿ ತೀರಿಕೊಂಡರು. ಇನ್ನೇನು ಗುಜರಿಗೆ ಹೋಗುತ್ತೆ ಅನ್ನುವಾಗ ಎಲ್.ಟಿ.ಸಿ. ರೋಲ್ಟ್ ಎಂಬ ಲೇಖಕ ಮತ್ತು ಗೆಳೆಯರು ನಮ್ಮ ಬರ್ಮಿಂಗ್‌ಹ್ಯಾಮಿನಲ್ಲೇ ಸಭೆ ಸೇರಿಸಿದರು. ಸ್ಲೀಪರುಗಳು ಕೊಳೆತು, ಹಳಿಗಳನ್ನ ಹುಲ್ಲೇ ಹಿಡಿದಿಟ್ಟಿದೆ ಅನ್ನೋ ಸ್ಥಿತಿ. ಓಡುವ ಇಂಜಿನ್ ಒಂದೇ. ಆದರೂ 1951ರ ಮೇನಲ್ಲಿ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಇದೇ.

ಅಪ್ಪ "ಹೂಂ" ಅಂದರು, ಅಷ್ಟೇ.

ಟವಿನ್ ಸ್ಟೇಷನ್ನಿನಲ್ಲಿ ಇಂಜಿನ್ ಹೊಗೆ ಬಿಡ್ತಾ ನಿಂತಿತ್ತು. ನಾನು ಅಪ್ಪನನ್ನ ಅದರ ಪಕ್ಕ ನಿಲ್ಲಿಸಿ ಫೋಟೊ ತೆಗೆದು, ಸ್ಟೇಟಸ್ಸಿಗೂ ಹಾಕಿಬಿಟ್ಟೆ. ಅವರ ಕಣ್ಣು ಮಾತ್ರ ಸಲಿಕೆ ಹಿಡಿದಿದ್ದ ಹುಡುಗನ ಮೇಲಿತ್ತು.

"ಇವನಿಗೆ ಸಂಬಳ ಎಷ್ಟು ಕೇಳು."

ಕೇಳಿದೆ. ವಾರವೆಲ್ಲಾ ಇನ್ಶೂರೆನ್ಸ್ ಆಫೀಸು, ಶನಿವಾರ ಇಲ್ಲಿ. ಸಂಬಳ ಇಲ್ಲ. ಇಂಜಿನ್ ಒರೆಸೋದರಿಂದ ಶುರುಮಾಡಿ, ವರ್ಷಗಟ್ಟಲೆ ಕಲಿತ ಮೇಲೆ ಈ ಸಲಿಕೆ ಕೈಗೆ ಸಿಕ್ಕಿತಂತೆ.

"ಪುಕ್ಕಟೆ?" ಅಪ್ಪ ನನ್ನನ್ನೇ ತಪ್ಪಿತಸ್ಥನ ಹಾಗೆ ನೋಡಿದರು. "ಏಪ್ರಿಲ್ ತಿಂಗಳಲ್ಲಿ ಬೆನ್ನಿಗೆ ಬಿಸಿಲು, ಮುಖಕ್ಕೆ ಬೆಂಕಿ. ನಮ್ಮ ಲೈನಿಗೆ ಡೀಸೆಲ್ ಬಂದ ದಿನ ನಾವು ಸ್ವೀಟ್ ಹಂಚಿದ್ವಿ ಕಣೋ. ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ಸ್ಟೀಮ್ ಇಂಜಿನ್ ಅಂದರೆ ಅಪ್ಪನಿಗೆ ಪ್ರೀತಿ ಅಂತ ನಾನೇ ಅಂದುಕೊಂಡಿದ್ದೆ, ಅವರನ್ನ ಒಂದು ಸಲವೂ ಕೇಳದೆ. ಸ್ಟೇಟಸ್ ಮೆಲ್ಲಗೆ ಡಿಲೀಟ್ ಮಾಡಿದೆ. ವಾಪಸ್ ಹೋಗೋಣ್ವಾ ಅಂದೆ. "ಟಿಕೆಟ್ ದುಡ್ಡು ವಾಪಸ್ ಕೊಡ್ತಾರಾ?" ಅಂದರು. ಕೊಡಲ್ಲ ಅಂದೆ. ಅಲ್ಲೇ ನಿಂತರು.

ಅಷ್ಟರಲ್ಲಿ ಹುಡುಗ ಬೆಂಕಿಗೂಡಿನ ಬಾಗಿಲು ತೆಗೆದ. ಅಪ್ಪ ಬಗ್ಗಿ ನೋಡಿದರು.

"ಎಡಗಡೆ ಹಿಂದಿನ ಮೂಲೇಲಿ ಬೆಂಕಿ ತೆಳ್ಳಗಾಗಿದೆ. ಹೇಳು ಅವನಿಗೆ."

ಅಪ್ಪ ಇದೇ ಕೆಲಸ ಮಾಡುತ್ತಿದ್ದರು ಅಂತಲೂ ಸೇರಿಸಿ ಹೇಳಿದೆ. ಹುಡುಗ ಇಣುಕಿ ನೋಡಿ, ಆ ಮೂಲೆಗೆ ಎರಡು ಸಲಿಕೆ ಕಲ್ಲಿದ್ದಲು ಹಾಕಿ, ಅಪ್ಪನ ಕಡೆ ತಿರುಗಿದ. ಅಪ್ಪ ಎರಡು ಬೆರಳೆತ್ತಿ ತೋರಿಸಿದರು: ಇನ್ನೂ ಎರಡು.