ರಸ್ತೆಗುಂಟ (ನಮ್ಮೂರ ಇಂಗ್ಲಿಷು – 9)

ಮೊದಲ ಫೋಟೋ ನೋಡಿ. ಎಡಕ್ಕೆ ಚಾನಲ್, ಬಲಕ್ಕೆ ಭತ್ತದ ಗದ್ದೆ, ನಡುವೆ ಡಾಂಬರು ಕಿತ್ತುಹೋದ ರಸ್ತೆ. ಹರಿಹರ ತಾಲ್ಲೂಕು, ಕಡರನಾಯಕನಹಳ್ಳಿ. ಈ ರಸ್ತೆ ಮೇಲೆ ನಡೆದದ್ದನ್ನ ಇಂಗ್ಲಿಷಲ್ಲಿ ಬರೆಯೋಕೆ ಹೋಗಿ ನಾನು ಮಾಡಿದ ಎಡವಟ್ಟನ್ನ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಮ್ಮ ದೊಡ್ಡಪ್ಪನ ಪಾಳಿ ರಾತ್ರಿ ಬಂದಿತ್ತು. ಗದ್ದೆಗೆ ನೀರು ಕಟ್ಟೋಕೆ ಹೊರಟಿದ್ದ. ಕೈಯಲ್ಲಿ ಬ್ಯಾಟರಿ, ಹೆಗಲ ಮೇಲೆ ಸಲಿಕೆ. ರಸ್ತೆಯ ಅಂಚಲ್ಲೇ ನಡೀತಿದ್ದಾಗ ಹಿಂದಿನಿಂದ ಬಂದ ಬೈಕು ಗುದ್ದಿತು. ಬಲಗಾಲು ಎರಡು ಕಡೆ ಮುರೀತು.

ಕೇಸಾಯ್ತು. ಆ ಬೈಕಿನ ವಿಮಾ ಕಂಪನಿಯವರು ಘಟನೆಯ ವಿವರ ಬರೆದು ಕಳಿಸಿ ಅಂದರು. ಮನೇಲಿ ದಾವಣಗೆರೆಗೆ ಹೋಗಿ ಡಿಗ್ರಿ ಓದಿದವನು ನಾನೊಬ್ಬನೇ. ಕನ್ನಡದಲ್ಲೇ ಬರೀಬಹುದಿತ್ತು, ಯಾರೂ ಬೇಡ ಅಂದಿರಲಿಲ್ಲ. ಆದ್ರೆ ಇಂಗ್ಲಿಷಲ್ಲಿ ಬರೆದ್ರೆ ತೂಕ ಜಾಸ್ತಿ ಅನ್ನೋ ಭ್ರಮೆ ನನಗೆ. ‘ಆನ್ ದ ರೋಡ್’ ಅಂತ ಬರೆದಿದ್ರೂ ಮುಗೀತಿತ್ತು. ಅದು ಸಪ್ಪೆ ಅನ್ನಿಸಿ ಹೀಗೆ ಬರೆದೆ: ‘ಹಿ ವಾಸ್ ವಾಕಿಂಗ್ ಅಕ್ರಾಸ್ ದ ಚಾನಲ್ ರೋಡ್.’

ನಿಮಗೆ ಗೊತ್ತಾಗಿರಬೇಕು. ‘ಅಕ್ರಾಸ್’ ಅಂದ್ರೆ ಈ ಬದಿಯಿಂದ ಆ ಬದಿಗೆ. ದೊಡ್ಡಪ್ಪ ರಾತ್ರಿ ಕತ್ತಲಲ್ಲಿ ರಸ್ತೆ ದಾಟ್ತಿದ್ದ ಅಂತ ಅವನ ಮಗನಂಥ ನಾನೇ ಬರೆದುಕೊಟ್ಟಿದ್ದೆ.

ಎದುರಿನ ಕಡೆಯವರು ಅದನ್ನೇ ಹಿಡ್ಕೊಂಡ್ರು. ನೋಡದೆ ಅಡ್ಡ ಬಂದಿದ್ದಾರೆ, ಅವರದ್ದೂ ತಪ್ಪಿದೆ ಅಂತ. ಗಾಯಗೊಂಡವನ ನಿರ್ಲಕ್ಷ್ಯವೂ ಸೇರಿದೆ ಅಂತ ತೀರ್ಮಾನ ಆದರೆ ಅಷ್ಟರಮಟ್ಟಿಗೆ ಪರಿಹಾರ ಕಡಿತ ಆಗುತ್ತೆ. ನಮ್ಮ ವಕೀಲರು ನನ್ನ ಕಾಗದ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಮನೆಗೆ ಬಂದು ದೊಡ್ಡಪ್ಪನಿಗೆ ಹೇಳಿದೆ. ಕಾಲಿಗೆ ರಾಡ್ ಹಾಕಿಸ್ಕೊಂಡು ಮಂಚದ ಮೇಲೆ ಮಲಗಿದ್ದ.

‘ಅಡ್ಡ ಯಾಕ್ ಹೋಗ್ಲಿ ತಮ್ಮಾ? ರಸ್ತಿಗುಂಟ ಹೊಂಟಿದ್ದೆ. ಗುಂಟ ಅಂತ ಬರೀಲಿಲ್ಲೇನು?’

ಗುಂಟ! ಚಾನಲ್‌ಗುಂಟ, ಬದುವಿನಗುಂಟ, ಹೊಳೆಗುಂಟ. ಹುಟ್ಟಿದಾಗಿನಿಂದ ಕೇಳಿದ ಮಾತು. ಇಂಗ್ಲಿಷಿನ ‘ಅಲಾಂಗ್’ ಇದೇ. ಶಾಲೆಯಲ್ಲಿ ‘ಅಲಾಂಗ್ ಎಂದರೆ ಉದ್ದಕ್ಕೂ’ ಅಂತ ಬರೆಸಿದ್ರು. ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಮಾರ್ಕ್ಸೂ ಬಂದಿತ್ತು. ಅದು ನಮ್ಮ ದೊಡ್ಡಪ್ಪನ ‘ಗುಂಟ’ ಅಂತ ಒಬ್ಬರೂ ಹೇಳಿರಲಿಲ್ಲ.

ಆಮೇಲೆ ಇದರ ಬಗ್ಗೆ ಹುಡುಕಿ ಹುಡುಕಿ ಓದಿದೆ. ಲಿಯೊನಾರ್ಡ್ ಟಾಲ್ಮಿ ಅನ್ನೋ ಭಾಷಾವಿಜ್ಞಾನಿ ಒಂದು ಮಾತು ಹೇಳ್ತಾರೆ: ಚಲನೆಯ ದಾರಿಯನ್ನ ಕೆಲವು ಭಾಷೆಗಳು ಕ್ರಿಯಾಪದದೊಳಗೇ ಇಡ್ತವೆ, ಕೆಲವು ಪಕ್ಕದ ಸಣ್ಣ ಪದಕ್ಕೆ ಕೊಡ್ತವೆ. ನಮ್ಮಲ್ಲಿ ದಾಟು, ಹತ್ತು, ಇಳಿ, ಹೊಗು, ಹಾಯು, ಸುತ್ತು ಅಂದ್ರೆ ದಾರಿ ಬಂದೇಬಿಡ್ತು. ಹರಿಹರದಲ್ಲಿ ಒಬ್ಬ ತುಂಗಭದ್ರೆಯನ್ನ ‘ಈಜಿ ದಾಟಿದ’ ಅಂತೀವಿ. ಎರಡು ಕ್ರಿಯಾಪದ. ಇಂಗ್ಲಿಷಲ್ಲಿ ಈಜೋದು ಮಾತ್ರ ಕ್ರಿಯಾಪದ, ದಾಟೋ ಕೆಲಸವೆಲ್ಲ ‘ಅಕ್ರಾಸ್’ ಮಾಡುತ್ತೆ: ‘ಸ್ವಾಮ್ ಅಕ್ರಾಸ್ ದ ರಿವರ್’. ನಾನು ಆ ಸಣ್ಣ ಪದವನ್ನ ಒಗ್ಗರಣೆ ಅಂದ್ಕೊಂಡಿದ್ದೆ. ವಾಕ್ಯದ ಅರ್ಧ ಅರ್ಥ ಅದರ ತಲೆ ಮೇಲಿತ್ತು.

ಇನ್ನೊಂದು ಮಜಾ ಇದೆ. ಇಂಗ್ಲಿಷಲ್ಲೂ ನಮ್ಮ ಕ್ರಿಯಾಪದಗಳ ಜಾತಿಯವು ಕೆಲವಿವೆ. ಎಂಟರ್, ಕ್ರಾಸ್, ರೀಚ್. ಇವುಗಳ ಹೊಟ್ಟೆಯಲ್ಲೇ ದಾರಿ ಇದೆ, ಬಾಲ ಬೇಕಿಲ್ಲ. ನಾವು ಬಿಡ್ತೀವಾ? ‘ರೀಚ್ಡ್ ಟು ಹರಿಹರ’, ‘ಎಂಟರ್ಡ್ ಇಂಟು ದ ರೂಮ್’! ‘ಹರಿಹರಕ್ಕೆ ತಲುಪಿದೆ’ ಅನ್ನೋದರ ‘ಕ್ಕೆ’ ಹೋಗಿ ‘ಟು’ ಆಗಿ ಕೂತಿರುತ್ತೆ. ದೊಡ್ಡಪ್ಪನ ಥರ ‘ಹರಿಹರ ಮುಟ್ಟಿದ್ವಿ’ ಅಂತ ನೆನಪಿಟ್ಕೊಳ್ಳಿ. ಅಲ್ಲಿ ‘ಕ್ಕೆ’ ಇಲ್ಲ, ಇಲ್ಲಿ ‘ಟು’ ಇಲ್ಲ. ‘ಗೋ ಹೋಮ್’ ಅನ್ನೋದಕ್ಕೂ ‘ಟು’ ಬೇಡ. ಅದಕ್ಕೆ ಕಾರಣ ಕೇಳಬೇಡಿ, ಸುಮ್ನೆ ಮನೆಗೆ ಹೋಗಿ.

ಈಗ ಸಂಜೆ ಹೊತ್ತು ಊರಿನ ಏಳೆಂಟು ಮಕ್ಕಳಿಗೆ ಪಾಠ ಹೇಳ್ತೀನಿ. ಪುಸ್ತಕ ಮುಚ್ಚಿಸಿ ನೀರಿನ ಹಿಂದೆ ಕರ್ಕೊಂಡು ಹೋಗ್ತೀನಿ. ಭದ್ರಾ ನೀರು ಲಕ್ಕವಳ್ಳಿ ಡ್ಯಾಮಿನಿಂದ ಹೊರಡುತ್ತೆ: ‘ಫ್ರಮ್’. ನಮ್ಮ ಕಡೆಗೆ ಬರುತ್ತೆ: ‘ಟುವರ್ಡ್ಸ್’. ಕಡೆಗೆ ಅಂದ್ರೆ ದಿಕ್ಕು ಮಾತ್ರ, ಮುಟ್ಟುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಚಾನಲ್ಲಿನ ಕೊನೆ ಭಾಗದ ರೈತರಿಗೆ ಈ ‘ಟುವರ್ಡ್ಸ್’ ಮತ್ತು ‘ಟು’ ನಡುವಿನ ವ್ಯತ್ಯಾಸ ಯಾವ ಮೇಷ್ಟ್ರೂ ಕಲಿಸಬೇಕಿಲ್ಲ. ತೂಬಿನೊಳಗೆ ಹಾದು: ‘ಥ್ರೂ’. ಗದ್ದೆಯೊಳಗೆ: ‘ಇಂಟು’. ಬದು ಮೀರಿ ಪಕ್ಕದವನ ಗದ್ದೆಗೆ ಹರಿದ್ರೆ ‘ಓವರ್’. ಅಲ್ಲಿಂದ ಜಗಳ.

ಬಸ್ಸಿಗೆ ‘ಗೆಟ್ ಆನ್’, ಆಟೋಗೆ ‘ಗೆಟ್ ಇಂಟು’ ಯಾಕೆ ಅಂತ ಒಬ್ಬಳು ಕೇಳಿದಳು. ಹತ್ತಿದ ಮೇಲೆ ಎದ್ದು ಓಡಾಡೋಕೆ ಆದ್ರೆ ‘ಆನ್’, ಮುದುರಿ ಕೂರಬೇಕಾದ್ರೆ ‘ಇಂಟು’ ಅಂದೆ. ‘ಹಂಗಾದ್ರೆ ಬೈಕು?’ ಅಂದಳು. ಬೈಕಿಗೆ ಒಳಗೇ ಇಲ್ಲವಲ್ಲ, ಅದೂ ‘ಆನ್’.

ಇನ್ನೊಬ್ಬ ‘ದ ಬಸ್ ಗೋಸ್ ಆನ್ ಮಲೇಬೆನ್ನೂರು’ ಅಂತ ಬರೆದಿದ್ದ. ನಗಬೇಡಿ. ‘ಮಲೇಬೆನ್ನೂರ ಮೇಲೆ ಹೋಗೋ ಬಸ್ಸು’ ಅಂತ ನಾವೆಲ್ಲ ಹೇಳ್ತೀವಿ. ಆ ‘ಮೇಲೆ’ ಇಂಗ್ಲಿಷಿನ ‘ಆನ್’ ಅಲ್ಲ, ‘ವಯಾ’. ಅವನ ತಪ್ಪಿಗೆ ಕೆಂಪು ಗೆರೆ ಎಳೆಯೋಕೆ ನನ್ನ ಕೈ ಬರಲಿಲ್ಲ. ಪಕ್ಕದಲ್ಲಿ ಸರಿ ಪದ ಬರೆದುಕೊಟ್ಟೆ.

ಕೇಸು ಏನಾಯ್ತು ಅಂತೀರಾ? ಪೊಲೀಸರ ಸ್ಥಳ ಮಹಜರಿನ ನಕ್ಷೆ ನಮ್ಮನ್ನ ಉಳಿಸಿತು. ಅದರಲ್ಲಿ ದೊಡ್ಡಪ್ಪ ಬಿದ್ದ ಜಾಗ ರಸ್ತೆಯ ಅಂಚಿಗೇ ಇತ್ತು. ಸಾಕ್ಷಿ ಹೇಳುವಾಗ ದೊಡ್ಡಪ್ಪ ಕನ್ನಡದಲ್ಲೇ ಹೇಳಿದ, ‘ರಸ್ತಿಗುಂಟ ಹೊಂಟಿದ್ದೆ ಸ್ವಾಮಿ’ ಅಂತ. ಪರಿಹಾರ ಬಂತು, ತಡವಾಗಿ. ತಡವಾದ ತಿಂಗಳುಗಳಲ್ಲಿ ಆಸ್ಪತ್ರೆ ಸಾಲದ ಬಡ್ಡಿ ಕಟ್ಟಿದ್ದು ದೊಡ್ಡಮ್ಮನ ಎರಡೆಳೆ ಸರ ಅಡ ಇಟ್ಟು. ಅದಕ್ಕೆ ನನ್ನ ಒಂದು ಪದ ಎಷ್ಟು ಕಾರಣ ಅಂತ ನಾನು ಲೆಕ್ಕ ಹಾಕಿಲ್ಲ. ಅವರಿಬ್ಬರೂ ಕೇಳಿಲ್ಲ.

ಕೊನೆಯ ಫೋಟೋಕ್ಕೆ ಸ್ವೈಪ್ ಮಾಡಿ. ಕೋಲು ಹಿಡ್ಕೊಂಡು ಬೆನ್ನು ತೋರಿಸಿ ಹೋಗ್ತಿರೋದು ದೊಡ್ಡಪ್ಪ. ಬೆಳಗ್ಗೆ ಆರೂವರೆ, ನೀರು ನೋಡೋಕೆ ಹೊರಟಿದ್ದ. ಫೋಟೋ ತೆಗೀತೀನಿ ನಿಲ್ಲು ಅಂದ್ರೆ ನಿಲ್ಲಲಿಲ್ಲ.

ನಿಮ್ಮ ಕಡೆ ‘ಗುಂಟ’ಕ್ಕೆ ಏನಂತೀರಿ? ಕೆಳಗೆ ಬರೀರಿ, ಮಕ್ಕಳಿಗೆ ಓದಿ ಹೇಳ್ತೀನಿ.